ಹೂವಿದ್ದೂ ಕಾಯಿ ಕಟ್ಟದ ಬೇಲಿ: ಚಿಂಚೋಳಿ ಕಾಡಂಚಿನ ಅಗ್ನಿಶಿಖೆಯ ಒಂದು ಪ್ರಕರಣ ಅಧ್ಯಯನ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ಕಾಡಿಗೆ ಹತ್ತಿರದ ಒಂದು ಹಳ್ಳಿಯ ರೈತ ಕುಟುಂಬದ ಹಿತ್ತಲ ಬೇಲಿಯ ಮೇಲೆ ಅಗ್ನಿಶಿಖೆಯ ಬಳ್ಳಿಗಳು ಪ್ರತಿ ಮಳೆಗಾಲವೂ ತಪ್ಪದೆ ಹಬ್ಬಿ ಹೇರಳವಾಗಿ ಹೂ ಬಿಡುತ್ತಿದ್ದವು. ಆದರೆ ಆ ಹೂಗಳಲ್ಲಿ ಒಂದೂ ಕಾಯಿಯಾಗಿ ನಿಲ್ಲುತ್ತಿರಲಿಲ್ಲ. ಕಲಬುರಗಿಯ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸುವ ನನಗೆ ಈ ಸಂಗತಿ ತಿಳಿದದ್ದು ಆ ಮನೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಂದ. ಅಪರೂಪವಾಗುತ್ತಿರುವ ಔಷಧೀಯ ಸಸ್ಯವೊಂದು ಎಲ್ಲರ ಕಣ್ಣೆದುರೇ ಹೂತುಂಬಿ ನಿಂತಿದ್ದೂ ಸಂತತಿ ಬೆಳೆಸಲಾಗದೆ ಹೋಗುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಸುತ್ತ ಈ ಅಧ್ಯಯನ ನಡೆಯಿತು.

ಅಗ್ನಿಶಿಖೆಯನ್ನು ಗೌರಿ ಹೂ ಎಂದೂ, ಆಯುರ್ವೇದದಲ್ಲಿ ಲಾಂಗಲಿ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಗ್ಲೋರಿಯೋಸಾ ಸುಪರ್ಬಾ, ಕಾಲ್ಚಿಕೇಸಿ ಕುಟುಂಬಕ್ಕೆ ಸೇರಿದ್ದು. ಇದರ ಗೆಡ್ಡೆ ಮತ್ತು ಬೀಜಗಳಲ್ಲಿರುವ ಕಾಲ್ಚಿಸಿನ್ ಎಂಬ ಸಸ್ಯಕ್ಷಾರ ವಾತರಕ್ತದ, ಅಂದರೆ ಗೌಟ್ ಕಾಯಿಲೆಯ, ಔಷಧಿಯಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದೇ ವಸ್ತು ಜೀವಕೋಶಗಳ ವಿಭಜನೆಯನ್ನು ತಡೆಯುವುದರಿಂದ ಸಸ್ಯದ ಎಲ್ಲ ಭಾಗಗಳೂ ವಿಷಕಾರಿ. ಗೆಡ್ಡೆಯನ್ನು ಗೆಣಸೆಂದು ತಿಂದು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಔಷಧ ಮತ್ತು ಪ್ರಸಾಧನ ನಿಯಮಗಳ ಇ(1) ಅನುಸೂಚಿಯಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಷ್ಟೇ ಬಳಸಬೇಕಾದ ವಿಷದ್ರವ್ಯಗಳ ಸಾಲಿನಲ್ಲಿ ಲಾಂಗಲಿಯೂ ಇದೆ. ಆದ್ದರಿಂದ ಮುಂದೆ ವಿವರಿಸುವ ಯಾವುದೂ ಮನೆಮದ್ದಿನ ಸಲಹೆಯಲ್ಲ ಎಂಬುದನ್ನು ಮೊದಲೇ ಒತ್ತಿ ಹೇಳಬೇಕು.

ಇನ್ನೊಂದು ಸಂಗತಿಯನ್ನೂ ಆರಂಭದಲ್ಲೇ ಗಮನಿಸುವುದು ಒಳ್ಳೆಯದು. ಆಫ್ರಿಕಾದಿಂದ ಆಗ್ನೇಯ ಏಷ್ಯಾದವರೆಗೆ ಸಹಜವಾಗಿ ಹರಡಿರುವ ಈ ಬಳ್ಳಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ಹತೋಟಿಗೆ ಸಿಗದ ಕಳೆಯಾಗಿದೆ. ಭಾರತದಲ್ಲಿ ಮಾತ್ರ ಗೆಡ್ಡೆಯ ಅಗೆತದಿಂದಲೂ ನೆಲೆಗಳ ನಾಶದಿಂದಲೂ ಹಲವು ಕಡೆ ಅಳಿವಿನ ಅಂಚಿಗೆ ಸರಿಯುತ್ತಿದೆ. ಅಂದರೆ ಬದುಕುಳಿಯುವ ಶಕ್ತಿ ಈ ಸಸ್ಯಕ್ಕೆ ಹುಟ್ಟಿನಿಂದಲೇ ಕಡಿಮೆ ಎಂದು ಹೇಳಲು ಬರುವುದಿಲ್ಲ. ಕೊರತೆ ಎಲ್ಲಿದೆ ಎಂಬುದನ್ನು ಆಯಾ ಸ್ಥಳದಲ್ಲಿಯೇ ಹುಡುಕಬೇಕಾಗುತ್ತದೆ.

ಬಳ್ಳಿ ಬೇಲಿಗೆ ಬಂದ ಬಗೆ

ಕಲಬುರಗಿ ಜಿಲ್ಲೆಯೆಂದರೆ ಕಪ್ಪು ಎರೆಭೂಮಿ ಮತ್ತು ತೊಗರಿ ಎಂಬ ಭಾವನೆ ಸಾಮಾನ್ಯ. ಚಿಂಚೋಳಿಯ ಎತ್ತರದ ಭಾಗದಲ್ಲಿ ನೆಲದ ಬಣ್ಣವೇ ಬೇರೆ. ಬೀದರಿನ ಕಡೆಯ ಜಂಬಿಟ್ಟಿಗೆ ನೆಲದ ಮುಂದುವರಿಕೆಯಾಗಿ ಕೆಂಪು ಮಣ್ಣು, ಕುರುಚಲು ಮತ್ತು ಎಲೆ ಉದುರುವ ಕಾಡು ಇಲ್ಲಿದೆ. 2011ರಲ್ಲಿ ಈ ಕಾಡಿನ ಸುಮಾರು 134 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ನೀರು ಬಸಿದು ಹೋಗುವ ಕೆಂಪು ಮಣ್ಣು, ಮಳೆಗಾಲದಲ್ಲಿ ಆಸರೆಯಾಗುವ ಪೊದೆ, ಬೇಸಿಗೆಯಲ್ಲಿ ಯಾರೂ ಕೆದಕದ ನೆಲ, ಈ ಮೂರೂ ಒಟ್ಟಿಗೆ ಸಿಗುವ ಇಂಥ ಕಾಡಂಚು ಅಗ್ನಿಶಿಖೆಗೆ ಒಪ್ಪುವ ಜಾಗ.

ಈ ಕುಟುಂಬದ ಬಳ್ಳಿಗಳು ಕಾಡಿನಿಂದ ತಂದವುಗಳಲ್ಲ. ಹೊಲದ ಮೇಲ್ಗಡೆಯ ಹಳೆಯ ಕಲ್ಲಿನ ಬದುವಿನಲ್ಲಿ ಅವು ತಲೆಮಾರುಗಳಿಂದ ಇದ್ದವು. ಕೃಷಿ ಹೊಂಡ ತೋಡಲು ಆ ಬದುವನ್ನು ಒಡೆಯಬೇಕಾಗಿ ಬಂದಾಗ, ಮನೆಯ ಹಿರಿಯರು ಜೆಸಿಬಿ ಬರುವ ಮುನ್ನ ಒಂದು ಬುಡದ ಗೆಡ್ಡೆಗಳನ್ನು ಕಿತ್ತು ಮನೆಯ ಹಿತ್ತಲಿಗೆ ತಂದು ನೆಟ್ಟರು. ಅವೇ ಗೆಡ್ಡೆಗಳು ವರ್ಷದಿಂದ ವರ್ಷಕ್ಕೆ ಕವಲೊಡೆದು ಇಡೀ ಬೇಲಿಯನ್ನು ಆವರಿಸಿದವು. ಒಂದು ಬುಡದಿಂದ ಇಡೀ ಬೇಲಿ ಎಂಬ ಈ ವಿವರ ಮೊದಲ ಭೇಟಿಯಲ್ಲಿ ಮಾತಿನ ನಡುವೆ ಬಂದು ಹೋಯಿತು. ಪ್ರಕರಣದ ಅರ್ಧ ಉತ್ತರ ಅದರಲ್ಲೇ ಇತ್ತು.

ಮನೆಯ ಸೊಸೆಯ ದೂರು ಸ್ಪಷ್ಟವಾಗಿತ್ತು: “ಹೂವ ನೋಡಿದ್ರ ಕಣ್ಣ ತುಂಬತಾವ್ರೀ ಸರ, ಖರೆ ಒಂದು ಕಾಯಿನೂ ನಿಂದ್ರವಲ್ದು.” ಅವರ ಅತ್ತೆ ಅದಕ್ಕೆ ಸೇರಿಸಿದ ಮಾತು ಇನ್ನೂ ಮಹತ್ವದ್ದು: “ಮೊದಲ ಬದುವಿನ್ಯಾಗ ಇದ್ದಾಗ ಕಾಯಿ ಒಡದು ಕೆಂಪನ ಬೀಜ ಕಾಣ್ತಿದ್ವು, ಯಪ್ಪಾ.” ಅದೇ ಸಸ್ಯ ಹಳೆಯ ಜಾಗದಲ್ಲಿ ಕಾಯಿ ಕಟ್ಟುತ್ತಿತ್ತು ಎಂದಾದರೆ ಗೆಡ್ಡೆಯಲ್ಲಾಗಲಿ ತಳಿಯಲ್ಲಾಗಲಿ ಬಂಜೆತನವಿಲ್ಲ ಎಂದಾಯಿತು. ಬದಲಾದದ್ದು ಜಾಗ ಮತ್ತು ನೆರೆಹೊರೆ.

ನೆಲದೊಳಗಿನ ವರ್ಷ, ನೆಲದ ಮೇಲಿನ ವರ್ಷ

ನೇಗಿಲಿನಂತೆ ಬಾಗಿದ, ಎರಡು ತೋಳುಗಳ ಗೆಡ್ಡೆ ಈ ಸಸ್ಯದ ನಿಜವಾದ ದೇಹ. ನವೆಂಬರಿನಿಂದ ಮೇ ತಿಂಗಳವರೆಗೆ ನೆಲದ ಮೇಲೆ ಅದರ ಯಾವ ಗುರುತೂ ಇರುವುದಿಲ್ಲ. ಮಿರಗದ ಮಳೆ ಬಿದ್ದು ಮಣ್ಣು ತೊಯ್ದ ಮೇಲೆ ತೋಳುಗಳ ತುದಿಯಲ್ಲಿರುವ ಮೊಗ್ಗು ಚಿಗುರುತ್ತದೆ. ಮೊಗ್ಗಿರುವುದು ತುದಿಯಲ್ಲಿ ಮಾತ್ರ. ಸಾಗಿಸುವಾಗ ಆ ತುದಿ ಮುರಿದರೆ ಉಳಿದ ಭಾಗ ಎಷ್ಟು ಗಟ್ಟಿಯಾಗಿದ್ದರೂ ಮತ್ತೆ ಚಿಗುರುವುದಿಲ್ಲ. ಬಳ್ಳಿ ಬೆಳೆಯುತ್ತಾ ಹೋದಂತೆ ಹಳೆಯ ಗೆಡ್ಡೆ ಸೊರಗಿ ಒಣಗುತ್ತದೆ. ಅದರ ಜಾಗದಲ್ಲಿ ಆ ವರ್ಷದ ಎಲೆಗಳು ತಯಾರಿಸಿದ ಆಹಾರದಿಂದ ಹೊಸ ಗೆಡ್ಡೆ ತುಂಬಿಕೊಳ್ಳುತ್ತದೆ. ಎರಡು ತುದಿಗಳೂ ಚಿಗುರಿದ ವರ್ಷ ಒಂದು ಗೆಡ್ಡೆಯ ಜಾಗದಲ್ಲಿ ಎರಡಾಗುತ್ತವೆ, ಒಂದೇ ಚಿಗುರಿದರೆ ಒಂದೇ ಉಳಿಯುತ್ತದೆ. ಗೆಡ್ಡೆಯ ಮೂಲಕ ಆಗುವ ಈ ವೃದ್ಧಿ ಬಹಳ ನಿಧಾನವಾದದ್ದು, ಮತ್ತು ಹುಟ್ಟಿದ್ದೆಲ್ಲವೂ ತಾಯಿಯ ಯಥಾಪ್ರತಿ.

ಎಲೆಗಳ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುವುದರಿಂದ ಬಳ್ಳಿ ಬೇಲಿಯನ್ನು ಬೇಗ ಹತ್ತುತ್ತದೆ. ಹೂವು ಜುಲೈ ಕೊನೆಯಲ್ಲಿ ಆರಂಭವಾಗಿ, ಮಘೆ ಮತ್ತು ಹುಬ್ಬಾ ಮಳೆಗಳ ಹೊತ್ತಿಗೆ ಭರದಲ್ಲಿದ್ದು, ಸೆಪ್ಟೆಂಬರ್ ಕಳೆಯುತ್ತಿದ್ದಂತೆ ತಗ್ಗುತ್ತದೆ. ಕೆಳಗಿನ ಮೊಗ್ಗು ಮೊದಲು ಅರಳಿ ಕ್ರಮವಾಗಿ ಮೇಲಕ್ಕೆ ಸಾಗುವುದರಿಂದ ಒಂದೇ ಬಳ್ಳಿಯಲ್ಲಿ ವಾರಗಟ್ಟಲೆ ಹೂವಿರುತ್ತದೆ. ಆದರೆ ಈ ಹೂಗಳ ಬೆಲೆ ಒಂದೇ ಸಮನಲ್ಲ ಎಂಬುದು ನನ್ನ ಅಭಿಪ್ರಾಯ. ಕಾಯಿ ಬಲಿಯಲು ಎರಡು ತಿಂಗಳಿನಷ್ಟು ಕಾಲ ಬೇಕು. ಮಳೆ ನಿಂತು ಮಣ್ಣು ಒಣಗಿದ ಮೇಲೆ ಬಳ್ಳಿ ಹಳದಿಯಾಗತೊಡಗುತ್ತದೆ. ತಡವಾಗಿ ಅರಳಿದ ಹೂವು ಕಾಯಿ ಹಿಡಿದರೂ ಅದನ್ನು ಬಲಿಸುವಷ್ಟು ಕಾಲ ಬಳ್ಳಿಗೆ ಉಳಿದಿರುವುದಿಲ್ಲ. ನಮ್ಮ ಕಡೆಯ ಮಳೆಯ ಲೆಕ್ಕದಲ್ಲಿ ಆಗಸ್ಟಿನ ಹೂಗಳೇ ಮುಂದಿನ ಪೀಳಿಗೆಯ ಆಧಾರ.

ಹೂವಿನ ರಚನೆಯೇ ಒಂದು ಷರತ್ತು

ಅಗ್ನಿಶಿಖೆಯ ಹೂವನ್ನು ಹತ್ತಿರದಿಂದ ನೋಡಿದರೆ ಕಾಯಿ ಕಟ್ಟದಿರುವುದಕ್ಕೆ ಕಾರಣ ಊಹಿಸಬಹುದು. ಮೊಗ್ಗು ಹಸಿರಾಗಿ ಕೆಳಮುಖವಾಗಿ ತೂಗುತ್ತದೆ. ಅರಳಿದಾಗ ಅಂಚು ಅಲೆಯಲೆಯಾದ ಆರು ದಳಗಳು ಹಿಂದಕ್ಕೆ, ಅಂದರೆ ಮೇಲಕ್ಕೆ, ಮಡಿಚಿಕೊಳ್ಳುತ್ತವೆ. ಮೊದಲು ಹಸಿರು ಬೆರೆತ ಹಳದಿ, ಆಮೇಲೆ ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪು, ಕೊನೆಗೆ ಪೂರ್ತಿ ಕಡುಗೆಂಪು, ಹೀಗೆ ಕೆಲವು ದಿನಗಳಲ್ಲಿ ಬಣ್ಣ ಬದಲಾಗುತ್ತದೆ. ಆರು ಕೇಸರಗಳು ಹೂವಿನ ಸುತ್ತ ಅಡ್ಡಲಾಗಿ ಹರಡಿ ನಿಲ್ಲುತ್ತವೆ. ಅಂಡಾಶಯ ನಡುವೆ ಕೆಳಮುಖವಾಗಿದ್ದರೂ, ಅದರಿಂದ ಹೊರಟ ಶಲಾಕೆ ಬುಡದಲ್ಲಿಯೇ ಹೆಚ್ಚುಕಡಿಮೆ ಲಂಬಕೋನದಲ್ಲಿ ಬಾಗಿ ಪಕ್ಕಕ್ಕೆ ಚಾಚುತ್ತದೆ. ಅದರ ಮೂರು ಸೀಳಿನ ತುದಿ, ಅಂದರೆ ಪರಾಗವನ್ನು ಸ್ವೀಕರಿಸುವ ಶಲಾಕಾಗ್ರ, ಕೇಸರಗಳ ಹಿಡಿತದಿಂದ ದೂರ ಉಳಿಯುತ್ತದೆ. ಪರಾಗ ತಾನಾಗಿ ಉದುರಿದರೆ ನೆಲಕ್ಕೆ ಬೀಳುತ್ತದೆಯೇ ಹೊರತು ಶಲಾಕಾಗ್ರದ ಮೇಲಲ್ಲ.

ಒಂದೇ ಹೂವಿನೊಳಗೆ ಪರಾಗಸ್ಪರ್ಶವಾಗದಂತೆ ತಡೆಯುವ ಈ ರಚನೆ ದೊಡ್ಡ ಅತಿಥಿಯೊಂದರ ಬರವನ್ನು ನಿರೀಕ್ಷಿಸುತ್ತದೆ. ಮಕರಂದ ದಳಗಳ ಬುಡದಲ್ಲಿದೆ. ಅದಕ್ಕಾಗಿ ಬರುವ ಅಗಲ ರೆಕ್ಕೆಯ ಚಿಟ್ಟೆ ಒಂದು ದಳದಿಂದ ಇನ್ನೊಂದಕ್ಕೆ ಸುತ್ತುವಾಗ ಅದರ ರೆಕ್ಕೆ ಕೇಸರಕ್ಕೂ ಶಲಾಕಾಗ್ರಕ್ಕೂ ತಾಗುತ್ತದೆ. ದಕ್ಷಿಣ ಆಫ್ರಿಕಾದ ಅಗ್ನಿಶಿಖೆಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಪರಾಗ ಮುಖ್ಯವಾಗಿ ಚಿಟ್ಟೆಗಳ ರೆಕ್ಕೆಯ ಮೇಲೆ ಸಾಗುತ್ತದೆ ಮತ್ತು ಹೂವಿನ ಕೆಳಮುಖ ಭಂಗಿ ಇದಕ್ಕೆ ಅನುಕೂಲವಾಗಿದೆ ಎಂದು ತೋರಿಸಿತು. ತಮಿಳುನಾಡಿನ ಅನುಭವವೂ ಇದೇ ಕಡೆಗೆ ಬೆರಳು ಮಾಡುತ್ತದೆ. ಈ ಹೂವು ಅಲ್ಲಿನ ರಾಜ್ಯಪುಷ್ಪ. ದಿಂಡಿಗಲ್, ಕರೂರು, ತಿರುಪ್ಪೂರು, ಅರಿಯಲೂರು ಭಾಗದ ರೈತರು ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ. ಸಹಜ ಪರಾಗಸ್ಪರ್ಶವನ್ನು ನಂಬಿದರೆ ಇಳುವರಿ ಸಾಲದೆಂದು ಅವರು ಹೂವಿನ ಕಾಲದಲ್ಲಿ ಕೂಲಿಯಾಳುಗಳನ್ನಿಟ್ಟು ಬೆಳಗಿನ ಹೊತ್ತು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ.

ಬೇಲಿಯ ಬಳಿ ಕಂಡದ್ದು

ಬೇಲಿಯ ಹೂಗಳಿಗೆ ಅತಿಥಿಗಳೇ ಇರಲಿಲ್ಲವೆಂದಲ್ಲ. ಬೆಳಗಿನ ಬಿಸಿಲು ಏರುತ್ತಿದ್ದಂತೆ ಕೋಲುಜೇನುಗಳು ಬರುತ್ತಿದ್ದವು. ಆದರೆ ಅವುಗಳ ನಡೆ ಗಮನಿಸತಕ್ಕದ್ದು: ಜೇನು ನೇರವಾಗಿ ಕೇಸರದ ತುದಿಯ ಪರಾಗಕೋಶಕ್ಕೆ ಬಂದು ಕೂರುತ್ತದೆ, ಅದರ ಭಾರಕ್ಕೆ ಪರಾಗಕೋಶ ತೂಗುತ್ತದೆ, ಜೇನು ಕಾಲುಗಳಲ್ಲಿ ಹಳದಿ ಹುಡಿಯನ್ನು ಒತ್ತಿ ತುಂಬಿಕೊಂಡು ಪಕ್ಕದ ಕೇಸರಕ್ಕೆ ಹೋಗುತ್ತದೆ, ಅಲ್ಲಿಂದ ಹಾರಿಬಿಡುತ್ತದೆ. ಆಚೆ ಚಾಚಿರುವ ಶಲಾಕಾಗ್ರದಲ್ಲಿ ಅದಕ್ಕೆ ಬೇಕಾದ್ದೇನೂ ಇಲ್ಲದ ಕಾರಣ ಅತ್ತ ಸುಳಿಯುವುದೇ ಇಲ್ಲ. ಹೂವಿನ ದೃಷ್ಟಿಯಿಂದ ಈ ಭೇಟಿಯಲ್ಲಿ ಲಾಭವಿಲ್ಲ, ಇದ್ದ ಪರಾಗವೂ ಖರ್ಚಾಗುತ್ತದೆ. ದೊಡ್ಡ ಚಿಟ್ಟೆಗಳಾಗಲಿ ಸೂರಕ್ಕಿಯಾಗಲಿ ಬೇಲಿಯ ಬಳಿ ಬಹಳ ವಿರಳ. ಕಾಡಿನ ಕಡೆ ಮುಖಮಾಡಿದ, ಧಾಮದ ಗಡಿಯ ಹೊರಗೇ ಇರುವ ಇನ್ನೊಬ್ಬ ರೈತರ ಬದುವಿನ ಬಳ್ಳಿಗಳಲ್ಲಿ ಅವು ಪದೇ ಪದೇ ಕಾಣುತ್ತಿದ್ದವು. ಆ ಬದುವಿನಲ್ಲಿ ಹೂಗಳು ಕಡಿಮೆ, ಆದರೂ ಕಾಯಿಗಳು ಇದ್ದವು.

ಈ ವ್ಯತ್ಯಾಸಕ್ಕೆ ಬೇಲಿಯ ಸುತ್ತಲಿನ ಬೇಸಾಯವನ್ನು ನೋಡಬೇಕು. ಬೇಲಿಯ ಒಂದು ಮಗ್ಗುಲಲ್ಲಿ ಹೆಸರು ಮತ್ತು ಉದ್ದು, ಇನ್ನೊಂದು ಕಡೆ ಸೋಯಾ. ಆಗಸ್ಟ್ ಎಂದರೆ ಈ ಬೆಳೆಗಳು ಹೂವು, ಕಾಯಿಯ ಹಂತದಲ್ಲಿದ್ದು ಕೀಟನಾಶಕ ಸಿಂಪಡಿಸುವ ಕಾಲ. ಅಗ್ನಿಶಿಖೆ ಭರದಲ್ಲಿ ಅರಳುವ ಕಾಲವೂ ಅದೇ. ಮೇಲಾಗಿ ಬದುಗಳಿಗೆ ಕಳೆನಾಶಕ ಹೊಡೆಯುವ ರೂಢಿ ಬಂದ ಮೇಲೆ ಚಿಟ್ಟೆಯ ಹುಳುಗಳು ಮೇಯುವ ಗಿಡಗಳೂ ಇಲ್ಲವಾಗಿವೆ. ರೈತರನ್ನು ದೂರುವ ಮಾತು ಇದಲ್ಲ. ಕೂಲಿ ಸಿಗದ, ಮಳೆ ಬಿಡುವು ಕೊಡದ ದಿನಗಳಲ್ಲಿ ಬೆಳೆ ಉಳಿಸಿಕೊಳ್ಳಲು ಅವರಿಗಿರುವ ದಾರಿಗಳು ಕೆಲವೇ. ಆದರೆ ಒಂದು ಬಳ್ಳಿ ಹೂ ಬಿಡುವ ಅದೇ ವಾರಗಳಲ್ಲಿ ಅದರ ಪರಾಗವಾಹಕಗಳು ಸಾಯುತ್ತಿದ್ದರೆ, ಆ ಬಳ್ಳಿಯನ್ನು ಯಾರೂ ಮುಟ್ಟದಿದ್ದರೂ ಅದು ಬೀಜ ಬಿಡುವುದಿಲ್ಲ ಎಂಬುದನ್ನು ನಾವು ಎದುರಿಸಲೇಬೇಕು.

ಕೈಯಿಂದ ಪರಾಗ ಮುಟ್ಟಿಸಿದಾಗ

ಪರಾಗವಾಹಕಗಳ ಕೊರತೆಯೊಂದೇ ಕಾರಣವೋ, ಒಂದೇ ಬುಡದ ಸಂತತಿ ಎಂಬುದೂ ಅದರೊಂದಿಗೆ ಸೇರಿದೆಯೋ ಎಂದು ತಿಳಿಯಲು ಸರಳ ಪರೀಕ್ಷೆಯೊಂದನ್ನು ಮಾಡಿದೆವು. ಅರಳುವ ಮುನ್ನಾದಿನ ಮೊಗ್ಗುಗಳಿಗೆ ತೆಳು ಮಲ್ ಬಟ್ಟೆಯ ಚೀಲ ಕಟ್ಟಿ, ಅರಳಿದ ಮೊದಲೆರಡು ದಿನಗಳಲ್ಲಿ, ದಳ ಇನ್ನೂ ಹಸಿರು-ಹಳದಿಯಾಗಿರುವಾಗ, ಬೆಳಿಗ್ಗೆ ಪರಾಗ ಮುಟ್ಟಿಸಿದೆವು. ಕೆಲವಕ್ಕೆ ಅದೇ ಹೂವಿನ ಪರಾಗ, ಕೆಲವಕ್ಕೆ ಬೇಲಿಯ ಬೇರೆ ಬಳ್ಳಿಯ ಪರಾಗ, ಇನ್ನು ಕೆಲವಕ್ಕೆ ಕಾಡಿನ ಕಡೆಯ ಬದುವಿನಿಂದ ಅದರ ಒಡೆಯರ ಒಪ್ಪಿಗೆ ಪಡೆದು ತಂದ ಪರಾಗ. ಯಾವುದು ಯಾವ ಬಗೆಯೆಂದು ತಿಳಿಯಲು ತೊಟ್ಟುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಲಾಯಿತು. ಧಾಮದೊಳಗಿನ ಬಳ್ಳಿಗಳನ್ನು ಮುಟ್ಟಲಿಲ್ಲ. ಅಲ್ಲಿಂದ ಹೂವನ್ನೂ ಅನುಮತಿಯಿಲ್ಲದೆ ತರುವಂತಿಲ್ಲ.

ಕೆಲಸದ ಬಹುಭಾಗವನ್ನು ಮಾಡಿದವರು ಮನೆಯ ಸೊಸೆಯೇ. ಕೇಸರವೊಂದನ್ನು ಚಿಮಟದಿಂದ ಬಿಡಿಸಿ, ಒಡೆದ ಪರಾಗಕೋಶವನ್ನು ಶಲಾಕೆಯ ಮೂರು ಸೀಳುಗಳಿಗೂ ಮೃದುವಾಗಿ ಸವರಬೇಕು. ಸೀಳುಗಳು ಎಳೆಯ ನೂಲಿನಷ್ಟು ತೆಳ್ಳಗಿದ್ದು, ಒತ್ತಿದರೆ ಜಖಂ ಆಗುತ್ತವೆ. ಅವರ ಕೈ ನನ್ನದಕ್ಕಿಂತ ಹಗುರವಾಗಿತ್ತು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನೂ, ಮಕ್ಕಳನ್ನು ಬೇಲಿಯಿಂದ ದೂರವಿಡುವುದನ್ನೂ ಕಡ್ಡಾಯ ಮಾಡಿಕೊಂಡಿದ್ದೆವು.

ಫಲಿತಾಂಶದಲ್ಲಿ ಗೊಂದಲವಿರಲಿಲ್ಲ. ಚೀಲ ಕಟ್ಟಿ ಪರಾಗ ಮುಟ್ಟಿಸದೆ ಬಿಟ್ಟ ಹೂಗಳು ಎಂದಿನಂತೆ ಕೆಂಪಾಗಿ, ಬಾಡಿ, ಅಂಡಾಶಯ ಹಳದಿಯಾಗಿ ಉದುರಿದವು. ಅದೇ ಹೂವಿನ ಪರಾಗ ಪಡೆದವುಗಳಲ್ಲಿ ಕೆಲವು ಕಾಯಿ ಹಿಡಿದರೂ ಹಲವು ಎಳೆಯದರಲ್ಲೇ ಸೊರಗಿದವು, ನಿಂತವುಗಳಲ್ಲೂ ಬೀಜ ವಿರಳವಾಗಿತ್ತು. ಬೇಲಿಯ ಇನ್ನೊಂದು ಬಳ್ಳಿಯ ಪರಾಗ ಪಡೆದವುಗಳ ಸ್ಥಿತಿಯೂ ಇದಕ್ಕಿಂತ ಬೇರೆಯಿರಲಿಲ್ಲ. ಹೊರನೋಟಕ್ಕೆ ಬೇರೆ ಬಳ್ಳಿಯಾದರೂ ಅದು ಅದೇ ಗೆಡ್ಡೆಯ ಮುಂದುವರಿಕೆ. ಕಾಡಿನ ಕಡೆಯ ಪರಾಗ ಪಡೆದ ಹೂಗಳು ಬಹುಪಾಲು ಕಾಯಿಯಾದವು. ಉದ್ದನೆಯ, ಮೂರು ಏಣಿನ ಆ ಹಸಿರು ಕಾಯಿಗಳು ಬಲಿಯುತ್ತಾ ಬಂದಾಗ ಒಳಗಿನ ಬೀಜಗಳ ಉಬ್ಬು ಹೊರಗೇ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಇದು ಒಂದೇ ಬೇಲಿಯ, ಒಳ್ಳೆಯ ಮಳೆಯಾದ ಒಂದು ಹಂಗಾಮಿನ ಫಲಿತಾಂಶ. ಎಲ್ಲ ಕಡೆಗೂ ಹೀಗೆಯೇ ಎಂದು ಹೇಳುವುದು ಸರಿಯಲ್ಲ. ಆದರೆ ಈ ಬೇಲಿಯ ಮಟ್ಟಿಗೆ ಎರಡು ಕೊರತೆಗಳು ಒಂದರ ಮೇಲೊಂದು ಕೂತಿದ್ದವು: ಪರಾಗ ಸಾಗಿಸುವವರು ಇರಲಿಲ್ಲ, ಸಾಗಿಸಿದ್ದರೂ ಹತ್ತಿರದಲ್ಲಿ ಬೇರೆ ಮೂಲದ ಬಳ್ಳಿ ಇರಲಿಲ್ಲ. ಹಳೆಯ ಬದುವಿನಲ್ಲಿ ಹಲವು ಬುಡಗಳು ಒಟ್ಟಿಗಿದ್ದುದರಿಂದ ಕಾಯಿ ಕಟ್ಟುತ್ತಿತ್ತು ಎಂಬ ವಿವರಣೆ ಅತ್ತೆಯವರ ನೆನಪಿಗೆ ಹೊಂದುತ್ತದೆ.

ಅಗೆತದ ಕಾಲ

ಗೆಡ್ಡೆ ಅಗೆಯುವವರ ವಿಷಯವನ್ನು ಇಲ್ಲಿ ಹೇಳದೆ ಬಿಡಲಾಗದು. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಈ ಸಸ್ಯ ನೆಲದೊಳಗೆ ಅಡಗಿರುವುದರಿಂದ, ಅಗೆಯುವವರಿಗೆ ಅದು ಗುರುತು ಸಿಗುವುದು ಬಳ್ಳಿ ಹಸಿರಾಗಿದ್ದಾಗ, ಅದರಲ್ಲೂ ದೂರದಿಂದಲೇ ಕಾಣುವ ಹೂವು ಇದ್ದಾಗ. ಆ ಹೊತ್ತಿಗೆ ಹಳೆಯ ಗೆಡ್ಡೆ ಸೊರಗಿರುತ್ತದೆ, ಹೊಸದು ಇನ್ನೂ ತುಂಬಿರುವುದಿಲ್ಲ, ಕಾಯಿ ಬಲಿತಿರುವುದಿಲ್ಲ. ಅಗೆದವನಿಗೆ ಸಿಗುವುದು ಹಗುರವಾದ, ಅರೆಬೆಳೆದ ಗೆಡ್ಡೆ. ಸಸ್ಯ ಕಳೆದುಕೊಳ್ಳುವುದು ತನ್ನ ದೇಹವನ್ನೂ ಆ ವರ್ಷದ ಬೀಜವನ್ನೂ. ಕಾಯಿ ಒಡೆದು ಬೀಜ ಚದುರಿದ ಮೇಲೆ, ಬಳ್ಳಿ ಪೂರ್ತಿ ಒಣಗಿದಾಗ, ಹೊಸ ಗೆಡ್ಡೆಯ ಒಂದು ತೋಳನ್ನು ತುದಿಯ ಮೊಗ್ಗಿನೊಂದಿಗೆ ನೆಲದಲ್ಲೇ ಉಳಿಸಿ ತೆಗೆದರೆ ಹಾನಿ ಬಹಳಷ್ಟು ತಗ್ಗುತ್ತದೆ. ಖಾಸಗಿ ಹೊಲಗಳಲ್ಲಾದರೂ ಇದು ಸಾಧ್ಯ. ಬೇಕಿರುವುದು ಒಣಗಿದ ಬಳ್ಳಿಯ ಜಾಗಕ್ಕೆ ಗೂಟ ನೆಟ್ಟು ಗುರುತು ಮಾಡಿಕೊಳ್ಳುವ ತಾಳ್ಮೆ. ಬೀಜದಲ್ಲೇ ಕಾಲ್ಚಿಸಿನ್ ಸಾಕಷ್ಟು ಇರುವಾಗ ಕಾಡಿನ ಗೆಡ್ಡೆಯನ್ನು ಬುಡಸಮೇತ ಕೀಳುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ಬೀಜದಿಂದ ಮುಂದೆ

ಕಾಯಿ ಕಡುಹಸಿರಿನಿಂದ ತಿಳಿಹಳದಿಗೆ ತಿರುಗಿ ಸಿಪ್ಪೆ ಸುಕ್ಕಾದಾಗ ಕೊಯ್ದು ನೆರಳಿನಲ್ಲಿ ಹರಡಿದೆವು. ಕಾಯಿ ಮೂರು ಹೋಳಾಗಿ ಬಿರಿದಾಗ ಕಿತ್ತಳೆಗೆಂಪು ಬೀಜಗಳು ಹೋಳುಗಳ ಅಂಚಿಗೇ ಅಂಟಿಕೊಂಡಿರುತ್ತವೆ. ಅವು ಕೂಡಲೇ ಮೊಳೆಯುವುದಿಲ್ಲ. ತಿಂಗಳುಗಟ್ಟಲೆ ಸುಪ್ತಾವಸ್ಥೆಯಲ್ಲಿದ್ದು ಮುಂದಿನ ಮಳೆಗಾಲದಲ್ಲಿ, ಅದೂ ಒಂದೇ ಸಲಕ್ಕಲ್ಲದೆ, ವಾರಗಳ ಅಂತರದಲ್ಲಿ ಅಲ್ಲೊಂದು ಇಲ್ಲೊಂದು ಮೊಳೆಯುತ್ತವೆ. ಬಿತ್ತಿದ ಪಾತಿಯಲ್ಲಿ ಏನೂ ಬರಲಿಲ್ಲವೆಂದು ಬೇಸತ್ತು ಮಣ್ಣು ತಿರುವಿ ಹಾಕುವ ಅಪಾಯ ಇಲ್ಲಿಯೇ ಹೆಚ್ಚು.

ಮೊದಲ ವರ್ಷದ ಸಸಿ ಕೆಲವೇ ಎಲೆಗಳ, ಬಳ್ಳಿಯ ಲಕ್ಷಣವೇ ಇಲ್ಲದ ಸಣ್ಣ ಗಿಡ. ಕಳೆ ತೆಗೆಯುವ ಕೈಗೆ ಅದು ಹುಲ್ಲಿನ ಜೊತೆಗೇ ಬರುತ್ತದೆ. ಉಳಿದರೆ ಮಳೆಗಾಲದ ಕೊನೆಗೆ ಪುಟ್ಟ ಗೆಡ್ಡೆಯೊಂದನ್ನು ಕಟ್ಟಿ ಒಣಗುತ್ತದೆ, ಮರುವರ್ಷ ಸ್ವಲ್ಪ ದೊಡ್ಡದನ್ನು. ಬೀಜದಿಂದ ಹೂವಿಗೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಈ ಕಾರಣಕ್ಕೆ ಪಾತಿಯನ್ನು ಬೇಲಿಯ ಬುಡದಲ್ಲಿ ಮಾಡದೆ, ಕೆಂಪು ಮಣ್ಣು ಮತ್ತು ಮರಳು ತುಂಬಿದ ಹಳೆಯ ಎಣ್ಣೆ ಡಬ್ಬಿಗಳಲ್ಲಿ ಬಿತ್ತಿ, ಯಾರೂ ಕೆದಕದಂತೆ ಮನೆಯ ಪಡಸಾಲೆಯ ಅಂಚಿನಲ್ಲಿ ಇಡಲಾಯಿತು. ಬೇಸಿಗೆಯಲ್ಲಿ ಬರಿ ಮಣ್ಣಿನಂತೆ ಕಾಣುವ ಈ ಡಬ್ಬಿಗಳಿಗೆ ನೀರು ಹಾಕದಿರುವುದೇ ಆರೈಕೆ; ಹಾಕಿದರೆ ಗೆಡ್ಡೆ ಕೊಳೆಯುತ್ತದೆ.

ಎರಡೂ ಕುಟುಂಬಗಳು ಒಪ್ಪಿ ಕೆಲವು ಬದಲಾವಣೆಗಳನ್ನು ಮಾಡಿಕೊಂಡಿವೆ. ಕಾಡಿನ ಕಡೆಯ ಬದುವಿನ ಕೆಲವು ಗೆಡ್ಡೆಗಳು ಈ ಬೇಲಿಗೆ, ಇಲ್ಲಿಯವು ಅಲ್ಲಿಗೆ ಬಂದಿವೆ. ಬೇಲಿಗೆ ತಾಗಿದ ಹೆಸರಿನ ಸಾಲುಗಳಿಗೆ ಸಿಂಪರಣೆ ಅನಿವಾರ್ಯವಾದಾಗ ಬೆಳಿಗ್ಗೆ ಬಿಟ್ಟು ಸಂಜೆ ಮಾಡುತ್ತಾರೆ, ಬದುವಿಗೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿದ್ದಾರೆ. ಚಿಟ್ಟೆಗಳು ಮೊಟ್ಟೆಯಿಡುವ ನಿಂಬೆ ಮತ್ತು ಕರಿಬೇವಿನ ಗಿಡಗಳನ್ನು ಹಿತ್ತಲಿನಲ್ಲಿ ಹೆಚ್ಚಿಸಿದ್ದಾರೆ. ಸಾಕಷ್ಟು ಚಿಟ್ಟೆಗಳು ಬರುವವರೆಗೆ ಆಗಸ್ಟಿನ ಹೂಗಳಿಗೆ ಕೈಯಿಂದ ಪರಾಗ ಮುಟ್ಟಿಸುವುದು ಮುಂದುವರಿಯುತ್ತದೆ. ಡಬ್ಬಿಗಳ ಸಸಿಗಳು ಇನ್ನೂ ಹೂ ಬಿಟ್ಟಿಲ್ಲ. ಅವುಗಳ ಗೆಡ್ಡೆ ಬೆರಳಿನ ದಪ್ಪ ದಾಟಿದ ಮೇಲೆ, ಕೃಷಿ ಹೊಂಡದ ಏರಿಯ ಮೇಲೆ, ಹಳೆಯ ಬದು ಇದ್ದ ಕಡೆಗೇ, ಮಿರಗದ ಮಳೆಗೆ ಮುಂಚೆ ನೆಡಬೇಕೆಂದು ನಿರ್ಧಾರವಾಗಿದೆ. ಪ್ರತಿ ಗೆಡ್ಡೆಯ ತಾಯಿ ಯಾವುದು, ತಂದೆ ಯಾವ ಬದುವಿನದು ಎಂಬುದನ್ನು ಆ ವಿದ್ಯಾರ್ಥಿನಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ.